ಮಣ್ಣಿನ ಲೆಕ್ಕ ಹಾಕಿದ ಕೂಲಂಬ್

ಕೂಲಂಬ್ ಅಂದ ಕೂಡಲೇ ನಮಗೆಲ್ಲ ವಿದ್ಯುತ್ ಪಾಠವೇ ನೆನಪಾಗೋದು. ನಾನೂ ಅಷ್ಟೇ ಅಂದುಕೊಂಡಿದ್ದೆ. ಆದರೆ ಅವರು ಮೊದಲು ಕೋಟೆ ಕಟ್ಟಿಸುವ ಇಂಜಿನಿಯರು!

ಹುಟ್ಟಿದ್ದು 1736ರಲ್ಲಿ, ಫ್ರಾನ್ಸ್ ದೇಶದಲ್ಲಿ. 1764ರಲ್ಲಿ ಸೈನ್ಯದವರು ಅವರನ್ನು ದೂರದ ಮಾರ್ಟಿನಿಕ್ ದ್ವೀಪಕ್ಕೆ ಕೋಟೆ ಕೆಲಸಕ್ಕೆ ಕಳಿಸಿದರು. ಎಂಟು ವರ್ಷ ಅಲ್ಲೇ ದುಡಿದರು. ಕಾಯಿಲೆ ಬಿದ್ದು ಕೆಟ್ಟ ಆರೋಗ್ಯ ಆಮೇಲೆ ಪೂರ್ತಿ ಸರಿಹೋಗಲೇ ಇಲ್ಲ. ಆದರೂ ಬರಿಗೈಲಿ ವಾಪಸು ಬರಲಿಲ್ಲ. ಗೋಡೆಯ ಹಿಂದಿನ ಮಣ್ಣು ಯಾವ ಓರೆಯಲ್ಲಿ ಕುಸಿಯುತ್ತೆ ಅನ್ನೋ ಲೆಕ್ಕವನ್ನು 1773ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಓದಿದರು. ಮಣ್ಣನ್ನು ಹಿಡಿದಿಡೋದು ಎರಡು: ಕಣಗಳ ಅಂಟು, ಮತ್ತೆ ಅವುಗಳ ನಡುವಿನ ಘರ್ಷಣೆ. ಒತ್ತುವ ಭಾರ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು. ವಿದ್ಯುತ್ತಿನ ನಿಯಮ ಬಂದದ್ದು ಆಮೇಲೆ, 1785ರಲ್ಲಿ. 1806ರಲ್ಲಿ ತೀರಿಕೊಂಡರು.

ಮಳೆನೀರು ಮಣ್ಣೊಳಗೆ ತುಂಬಿದರೆ ಘರ್ಷಣೆ ತಗ್ಗುತ್ತೆ. ಇದನ್ನು ಲೆಕ್ಕಕ್ಕೆ ಸೇರಿಸಿದವರು 20ನೇ ಶತಮಾನದ ಟರ್ಜಾಗಿ. ಈಗ ಕಂಪ್ಯೂಟರು ಇಡೀ ಗುಡ್ಡವನ್ನು ನಮ್ಮ ಗ್ರಾಫ್ ಹಾಳೆ ಥರ ಚೌಕ ಚೌಕ ಮಾಡಿಕೊಂಡು, ಒಂದೊಂದು ಚೌಕಕ್ಕೂ ಹಿಡಿಯುವ ಬಲವನ್ನು ಜಾರಿಸುವ ಬಲದಿಂದ ಭಾಗಿಸುತ್ತೆ. ಉತ್ತರ 1ಕ್ಕಿಂತ ಕಡಿಮೆ ಬಂತೋ, ಆ ಚೌಕ ಜಾರಬಹುದು. ಹಿಡಿಯುವ ಬಲದ ಸೂತ್ರ ಮಾತ್ರ ಇವತ್ತಿಗೂ ಕೂಲಂಬರದ್ದೇ.