ಟಿ. ರೆಕ್ಸ್ ಕೈಗೆ ಎಷ್ಟು ಬೆರಳು?

ಮಕ್ಕಳೇ, ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗೆ ಹೋದರೆ ಟಿ. ರೆಕ್ಸ್ ಡೈನೋಸಾರ್‌ನ ಅಸ್ಥಿಪಂಜರದ ಎದುರು ‘ಇದು ನಿಜವಾದದ್ದಾ?’ ಎಂದು ಕೇಳಿ ಮುಂದೆ ಹೋಗಿಬಿಡಬೇಡಿ. ಎಷ್ಟು ನೆಲದಲ್ಲಿ ಸಿಕ್ಕಿದ್ದು, ಎಷ್ಟು ಊಹಿಸಿದ್ದು ಎಂದು ಕೇಳಿ. ಮ್ಯೂಸಿಯಂ ಬಾಯಿ ಬಿಡುವುದು ಆಗ. ಬಾರ್ನಮ್ ಬ್ರೌನ್ 1908ರಲ್ಲಿ ಮೊಂಟಾನಾದಲ್ಲಿ ಅಗೆಸಿ ತೆಗೆದ ಈ ಪ್ರಾಣಿಯ ಮೂಳೆಗಳು ಬಹುಪಾಲು ಅಸಲಿ. ಆದರೆ ಕತ್ತಿನ ಮೇಲಿರುವ ತಲೆ ಅಚ್ಚಿನಲ್ಲಿ ತೆಗೆದದ್ದು. ಅಸಲಿ ಬುರುಡೆ ತೀರಾ ಭಾರವಾದ್ದರಿಂದ ಬೇರೆಯಾಗಿ ಇಟ್ಟಿದ್ದಾರೆ. ಕೈಗಳ ಸಂಗತಿ ಇನ್ನೂ ಸ್ವಾರಸ್ಯದ್ದು. 1915ರಲ್ಲಿ ಅಸ್ಥಿಪಂಜರ ನಿಲ್ಲಿಸಿದಾಗ ಟಿ. ರೆಕ್ಸ್‌ನ ಬೆರಳುಗಳು ಎಲ್ಲೂ ಸಿಕ್ಕಿರಲಿಲ್ಲ, ಮೂರು ಬೆರಳು ಜೋಡಿಸಿದರು. ಈಗ ಹತ್ತಿರ ಹೋಗಿ ಎಣಿಸಿದರೆ ಎರಡೇ. ಬಾಲವನ್ನು ನೆಲಕ್ಕೂರಿ ಕಾಂಗರೂವಿನಂತೆ ನೆಟ್ಟಗೆ ನಿಂತಿದ್ದ ಮೈಯನ್ನೂ 1990ರ ದಶಕದಲ್ಲಿ ಮುಂದಕ್ಕೆ ಬಾಗಿಸಿ, ಬಾಲ ಎತ್ತಿ ಮರುಜೋಡಿಸಿದರು.

ಹೀಗೆ ಬದಲಾಯಿಸುತ್ತಲೇ ಇದ್ದರೆ ವಿಜ್ಞಾನವನ್ನು ನಂಬುವುದು ಹೇಗೆ ಎಂದು ಮನೆಯ ಹಿರಿಯರು ಕೇಳಬಹುದು. ನ್ಯಾಯವಾದ ಆಕ್ಷೇಪವೇ. ಆದರೆ ಸಿಕ್ಕ ಮೂಳೆಗಳು ಆಗಲೂ ಅವೇ, ಈಗಲೂ ಅವೇ. ಖಾಲಿ ಜಾಗಕ್ಕೆ ತುಂಬಿದ್ದ ಊಹೆಯಷ್ಟೇ ಬದಲಾಯಿತು, ಅದೂ ಮನಸ್ಸಿಗೆ ಬಂದಂತಲ್ಲ. ಡೈನೋಸಾರ್ ಹೆಜ್ಜೆಗಳು ಸಾಲಾಗಿ ಉಳಿದಿರುವ ಬಂಡೆಗಳಲ್ಲಿ ಬಾಲ ಎಳೆದ ಗೀರು ಕಾಣುವುದು ತೀರಾ ಅಪರೂಪ. ಅಂದರೆ ನಡೆಯುವಾಗ ಬಾಲ ಮೇಲೆಯೇ ಇರುತ್ತಿತ್ತು. ಟಿ. ರೆಕ್ಸ್‌ನದೇ ಕೈಮೂಳೆಗಳು 1980ರ ದಶಕದ ಕೊನೆಯಲ್ಲಿ ಸಿಕ್ಕಮೇಲೆ ಎರಡು ಬೆರಳಿನ ಮಾತೂ ಗಟ್ಟಿಯಾಯಿತು. ಹೊಸ ಸಾಕ್ಷಿ ಬಂದಾಗ ಹಳೆಯ ಊಹೆಯನ್ನು ಎಲ್ಲರ ಕಣ್ಣೆದುರೇ ಬಿಚ್ಚಿ ಕಟ್ಟುವವರನ್ನು ನಾನು ಹೆಚ್ಚು ನಂಬುತ್ತೇನೆ.

ಅದೇ ಮ್ಯೂಸಿಯಮ್ಮಿನ ಆಫ್ರಿಕಾ ವಿಭಾಗದಲ್ಲಿ ಕಾರ್ಲ್ ಏಕ್ಲಿ ರೂಪಿಸಿದ ಗೊರಿಲ್ಲಾ ದೃಶ್ಯವಿದೆ. ಗಾಜಿನಾಚೆ ಚರ್ಮ ಅಸಲಿ, ಒಳಗಿನ ಮೈ ಶಿಲ್ಪಿಯ ಕೆಲಸ, ಎಲೆಗಳು ಕೈಯಲ್ಲಿ ಮಾಡಿದವು, ಹಿಂದಿನ ಬೆಟ್ಟ ಬಾಗಿದ ಗೋಡೆಯ ಮೇಲಿನ ಬಣ್ಣ. ತೋರಿಸುವುದಕ್ಕೆಂದು ಗೊರಿಲ್ಲಾಗಳನ್ನು ಕೊಂದದ್ದು ಸರಿಯೇ? ಸರಿಯೆಂದು ನನಗೆ ಅನಿಸುವುದಿಲ್ಲ. 1921ರಲ್ಲಿ ಕಾಂಗೋದಿಂದ ಈ ಗೊರಿಲ್ಲಾಗಳನ್ನು ತಂದ ಏಕ್ಲಿಯೇ ಮುಂದೆ ಅವುಗಳ ರಕ್ಷಣೆಗಾಗಿ, ಆಗ ಕಾಂಗೋವನ್ನು ಆಳುತ್ತಿದ್ದ ಬೆಲ್ಜಿಯಂನ ದೊರೆಯನ್ನು ಒಪ್ಪಿಸಿದ. 1925ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ಮರುವರ್ಷ ಏಕ್ಲಿ ಅಲ್ಲಿನ ಬೆಟ್ಟಗಳಲ್ಲೇ ತೀರಿಕೊಂಡ. ಕೊಂದದ್ದು ಇದರಿಂದ ಅಳಿಸಿಹೋಗುವುದಿಲ್ಲ. ಆದ್ದರಿಂದಲೇ, ಏನು ಸಿಕ್ಕಿತು ಎಂಬುದರ ಜೊತೆಗೆ ಹೇಗೆ ಸಿಕ್ಕಿತು ಎಂಬುದನ್ನೂ ಕೇಳಬೇಕು.

ರಜೆಗೆ ಬೆಂಗಳೂರಿಗೆ ಬಂದು ಲಾಲ್‌ಬಾಗಿನ ಬಂಡೆ ಹತ್ತಿದಾಗಲೂ ಈ ಪ್ರಶ್ನೆಗಳು ಜೊತೆಗಿರಲಿ. ಸುಮಾರು 300 ಕೋಟಿ ವರ್ಷ ಹಳೆಯ ಆ ಕಲ್ಲು ಹುಟ್ಟಿದಾಗ ಮೂಳೆಯಿದ್ದ ಪ್ರಾಣಿಗಳೇ ಇರಲಿಲ್ಲ. ಹಾಗಾಗಿ ಅದರಲ್ಲಿ ಡೈನೋಸಾರ್ ಸಿಗುವುದಿಲ್ಲ. ಆದರೆ ಡೈನೋಸಾರ್ ಆ ನೆಲದ ಮೇಲೆ ಓಡಾಡಲೇ ಇಲ್ಲ ಎನ್ನುವುದಕ್ಕೆ ಅದು ಪುರಾವೆಯಾಗದು.