ನರಗುಂದದ ಬಾಬಾಸಾಹೇಬರು

ನರಗುಂದ ಬಂಡಾಯವೆಂದರೆ ಇಂದು ಹೆಚ್ಚಿನವರಿಗೆ ನೆನಪಾಗುವುದು 1980ರ ರೈತರ ಹೋರಾಟ. ಅದಕ್ಕೂ 122 ವರ್ಷಗಳ ಹಿಂದೆ ಇದೇ ಎರೆಮಣ್ಣಿನಲ್ಲಿ ಇನ್ನೊಂದು ಬಂಡಾಯ ನಡೆದಿತ್ತು. ಅದರ ನಾಯಕರು ನರಗುಂದ ಸಂಸ್ಥಾನದ ಕೊನೆಯ ಅರಸರಾದ ಭಾಸ್ಕರರಾವ್ ಭಾವೆ. ಜನ ಅವರನ್ನು ಬಾಬಾಸಾಹೇಬರೆಂದೇ ಕರೆದರು.

ಬಾಬಾಸಾಹೇಬರು ವಿದ್ಯಾಪ್ರಿಯರು. ಸಾವಿರಾರು ಸಂಸ್ಕೃತ ಗ್ರಂಥಗಳನ್ನು ಅರಮನೆಯಲ್ಲಿ ಸಂಗ್ರಹಿಸಿದ್ದರು. ಅವರಿಗೆ ವಾರಸುದಾರ ಮಗನಿರಲಿಲ್ಲ. ದತ್ತಕ ತೆಗೆದುಕೊಳ್ಳಲು ಕಂಪನಿ ಸರಕಾರದ ಒಪ್ಪಿಗೆ ಕೇಳಿದರು, ಸಿಗಲಿಲ್ಲ. ಅಂದರೆ ಅವರ ಕಾಲಾನಂತರ ಸಂಸ್ಥಾನ ಕಂಪನಿಯ ಪಾಲಾಗುವುದು ಖಚಿತವಾಯಿತು. ಇದರ ಮೇಲೆ ನಿಶ್ಶಸ್ತ್ರೀಕರಣ ಕಾಯದೆ ಬಂತು. ಆಯುಧ ಒಪ್ಪಿಸದ ಹಲಗಲಿಯ ಬೇಡರಿಗೆ 1857ರಲ್ಲಿ ಆದ ಗತಿಯನ್ನು ಇಡೀ ಸೀಮೆ ಕಂಡಿತ್ತು.

1858ರ ಮೇ ಕೊನೆಯಲ್ಲಿ ಮುಂಡರಗಿ ಭೀಮರಾಯರು ಡಂಬಳದ ಖಜಾನೆಯ ಮೇಲೆ ಬಿದ್ದು, ಕೊಪ್ಪಳದ ಕೋಟೆ ಹಿಡಿದರು. ಬಾಬಾಸಾಹೇಬರೂ ಎದ್ದರು. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಅವರ ಪಡೆ ಕೊಂದಿತು. ಅವನ ತಲೆಯನ್ನು ನರಗುಂದದ ಅಗಸಿಗೆ ತೂಗುಹಾಕಲಾಯಿತು. ಕ್ರೂರವಾದ ಕೃತ್ಯವೇ ಸರಿ. ಆದರೆ ಆ ರಾತ್ರಿಯ ನಂತರ ಹಿಂದಿರುಗುವ ದಾರಿ ಇಲ್ಲವೆಂಬುದು ಅವರಿಗೂ ಗೊತ್ತಿತ್ತು.

ಜೂನ್ 1ರಂದು ಕರ್ನಲ್ ಮಾಲ್ಕಮ್‌ನ ದಂಡು ನರಗುಂದಕ್ಕೆ ಬಂತು. ಬಯಲಲ್ಲಿ ಕಾದ ನರಗುಂದದವರು ಸೋತರು. ಅದೇ ದಿನ ಕೊಪ್ಪಳದಲ್ಲಿ ಭೀಮರಾಯರು ಹೋರಾಡುತ್ತ ಮಡಿದರು. ಹೀಗೆ ಒಂದಾಗಿ ನಿಲ್ಲಬೇಕಿದ್ದ ಎರಡು ಕೋಟೆಗಳು ಒಂಟಿಯಾಗಿಯೇ ಬಿದ್ದವು. ಮರುದಿನ ತೊರಗಲ್ಲಿನ ಅಡವಿಯಲ್ಲಿ ಬಾಬಾಸಾಹೇಬರು ಸೆರೆಸಿಕ್ಕರು. ಅವರ ತಾಯಿ ಮತ್ತು ಪತ್ನಿ ಮಲಪ್ರಭೆಯಲ್ಲಿ ಪ್ರಾಣ ಬಿಟ್ಟರು. ಬೆಳಗಾವಿಯಲ್ಲಿ ವಿಚಾರಣೆ ನಡೆದು, ಜೂನ್ 12ರಂದು ಬಾಬಾಸಾಹೇಬರನ್ನು ಗಲ್ಲಿಗೇರಿಸಲಾಯಿತು. ಸುರೇಬಾನದ ಆ ರಾತ್ರಿಗೆ ಅಂದಿಗೆ ಬರೀ ಹದಿನಾಲ್ಕು ದಿನ.

ಸಂಸ್ಥಾನ ಹೋಯಿತು, ಗ್ರಂಥಭಂಡಾರ ಹೋಯಿತು. ಗುಡ್ಡ ಮಾತ್ರ ನಿಂತಿದೆ. ಸುತ್ತಲಿನ ಊರುಗಳಿಂದ ಶಾಲೆಗೆ ಬರುವ ಮಕ್ಕಳು ಅದನ್ನು ದಿನವೂ ನೋಡುತ್ತಾರೆ. ಅದು ಯಾರ ಕೋಟೆಯಾಗಿತ್ತು, ಏಕೆ ಬಿತ್ತು ಎಂದು ಅವರಿಗೆ ಹೇಳುವುದು ಹಿರಿಯರಾದ ನಮ್ಮೆಲ್ಲರ ಹೊಣೆ.