ಬಯಾಸ್ ಬೇರೆ ಮಾಡಿದ ಗ್ಯಾರಿ ಕಿಲ್ಡಾಲ್

ಅಪ್‌ಡೇಟ್ ಆದ್ಮೇಲೆ ವೈ-ಫೈ ಮಾಯವಾದ್ರೆ ಎಲೆಕ್ಟ್ರಾನಿಕ್ ಸಿಟಿಯ ಪಿಜಿಗಳಲ್ಲಿ ಎಲ್ಲರೂ ಬೈಯೋದು ಡ್ರೈವರ್‌ನ. ಅಂಥವರು ಗ್ಯಾರಿ ಕಿಲ್ಡಾಲ್ ಬಗ್ಗೆ ತಿಳಿದಿರಬೇಕು.

ಇವರು ಹುಟ್ಟಿದ್ದು 1942ರಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ. ಪಿಎಚ್‌ಡಿ ಮಾಡಿ, ಮಾಂಟೆರೆಯ ನೌಕಾಪಡೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. 1974ರಲ್ಲಿ ಸಿಪಿ/ಎಂ ಅನ್ನೋ ಆಪರೇಟಿಂಗ್ ಸಿಸ್ಟಂ ಬರೆದರು. ಆಗ ಒಂದೊಂದು ಕಂಪನಿಯ ಮಷೀನೂ ಒಂದೊಂದು ಥರ. ಪ್ರತಿಯೊಂದಕ್ಕೂ ಸಿಸ್ಟಂ ತಿದ್ದಬೇಕಿತ್ತು. ಕಿಲ್ಡಾಲ್ ಹಾರ್ಡ್‌ವೇರ್ ಜೊತೆ ಮಾತಾಡೋ ಕೋಡನ್ನೆಲ್ಲ ಬೇರೆ ಮಾಡಿ ಬಯಾಸ್ ಅಂತ ಹೆಸರಿಟ್ಟರು. ಹೊಸ ಮಷೀನಿಗೆ ಅಷ್ಟು ಬದಲಿಸಿದರೆ ಸಾಕು, ಉಳಿದದ್ದು ಹಾಗೇ ಓಡುತ್ತಿತ್ತು.

1980ರಲ್ಲಿ ಐಬಿಎಂ ತನ್ನ ಪಿಸಿಗಾಗಿ ಅವರನ್ನು ಕೇಳಿತು. ಒಪ್ಪಂದ ಕುದುರಲಿಲ್ಲ, ಅವಕಾಶ ಮೈಕ್ರೋಸಾಫ್ಟ್ ಪಾಲಾಯ್ತು. 1994ರಲ್ಲಿ, 52ನೇ ವಯಸ್ಸಿಗೇ ತೀರಿಕೊಂಡರು.

ಇವತ್ತಿನ ಡ್ರೈವರ್ ಮಾಡೋದೂ ಅದೇ ಥರದ ಕೆಲಸ. ಹಾರ್ಡ್‌ವೇರ್ ಭಾಗ ಬೇರೆ ಇರೋದ್ರಿಂದ, ವೈ-ಫೈ ಹೋಯ್ತು ಅಂತ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ ಪ್ರಾಜೆಕ್ಟ್ ಫೈಲ್ ಕಳ್ಕೋಬೇಡಿ. ಮೊದಲು ಡಿವೈಸ್ ಮ್ಯಾನೇಜರ್‌ನಲ್ಲಿ ರೋಲ್ ಬ್ಯಾಕ್ ಡ್ರೈವರ್ ಒತ್ತಿ. ಅದು ಆಗದಿದ್ರೆ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ನೆಟ್ ತಗೊಂಡು, ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ನಿಮ್ಮ ಮಾಡೆಲ್‌ನ ಡ್ರೈವರ್ ಹಾಕಿ. ತಿದ್ದಬೇಕಾದ್ದು ಅಷ್ಟು ಭಾಗ ಮಾತ್ರ.